ಗಗನಮಾರ್ಗದ ದೂರವೂ ಪಯಣದ ಕಾಲವೂ

ತರಗತಿಯ ಗೋಡೆಯ ಮೇಲೆ ತೂಗುವ ಜಗತ್ತಿನ ಭೂಪಟವು ವಿದ್ಯಾರ್ಥಿಗೆ ಬಹಳಷ್ಟನ್ನು ಕಲಿಸುತ್ತದೆ. ಆದರೆ ದೂರದ ವಿಷಯದಲ್ಲಿ ಅದು ದಾರಿ ತಪ್ಪಿಸುವುದೂ ಉಂಟು. ಬೆಂಗಳೂರಿಗೂ ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೊ ನಗರಕ್ಕೂ ಹತ್ತಿರದ ಮಾರ್ಗ ಯಾವುದೆಂದು ಕೇಳಿದರೆ, ಭೂಪಟವನ್ನು ಮಾತ್ರ ಕಂಡ ಬಾಲಕನು ಪೆಸಿಫಿಕ್ ಸಾಗರದ ಮೇಲೆ ನೇರವಾದ ಅಡ್ಡಗೆರೆಯನ್ನು ಎಳೆಯುವನು. ಆದರೆ 2021ರ ಜನವರಿಯಲ್ಲಿ ಆ ನಗರದಿಂದ ಹೊರಟು, ನಡುವೆ ಎಲ್ಲಿಯೂ ಇಳಿಯದೆ ಬೆಂಗಳೂರನ್ನು ಸೇರಿದ ಏರ್ ಇಂಡಿಯಾದ ಮೊದಲ ವಿಮಾನವು ಉತ್ತರ ಧ್ರುವದ ಮೇಲೆ ಹಾದು ಬಂದಿತು. ಅದರ ಚಾಲಕರೆಲ್ಲರೂ ಮಹಿಳೆಯರು. ಕ್ಯಾಪ್ಟನ್ ಜೋಯಾ ಅಗರ್ವಾಲ್ ಅವರು ಮುಖ್ಯಸ್ಥೆ. ಈ ಮಾರ್ಗದ ಮರ್ಮವೇನು?

ಭೂಮಿಯು ಗೋಳ, ಭೂಪಟವು ಚಪ್ಪಟೆಯಾದ ಹಾಳೆ. ಗೋಳವನ್ನು ಎರಡು ಸಮಭಾಗವಾಗಿಸುವ ವೃತ್ತಕ್ಕೆ ಮಹಾವೃತ್ತವೆಂದು ಹೆಸರು. ಎರಡು ಸ್ಥಳಗಳ ನಡುವಣ ಕನಿಷ್ಠ ದೂರವು ಅವುಗಳ ಮೂಲಕ ಹಾಯುವ ಮಹಾವೃತ್ತದ ಮೇಲಿರುತ್ತದೆ. ಅದರ ಒಂದು ಡಿಗ್ರಿಯು ಸುಮಾರು 111 ಕಿ.ಮೀ. ಉತ್ತರ ಅಕ್ಷಾಂಶ 60 ಡಿಗ್ರಿಯಲ್ಲಿ, ಧ್ರುವದ ಆಚೆ ಈಚೆ ಎದುರುಬದುರಾಗಿ ಎರಡು ಊರುಗಳಿವೆಯೆಂದು ಭಾವಿಸೋಣ. ಅಕ್ಷಾಂಶವನ್ನೇ ಅನುಸರಿಸಿ ಹೋದರೆ ದೂರವು ಸುಮಾರು 10,000 ಕಿ.ಮೀ.; ಧ್ರುವವನ್ನು ಹಾದು ಹೋದರೆ ಸುಮಾರು 6,660 ಕಿ.ಮೀ. ಮಾತ್ರ.

ಬೆಂಗಳೂರು ಪೂರ್ವ ರೇಖಾಂಶ 78 ಡಿಗ್ರಿಯ ಸಮೀಪದಲ್ಲಿದೆ, ಸ್ಯಾನ್ ಫ್ರಾನ್ಸಿಸ್ಕೊ ಪಶ್ಚಿಮ ರೇಖಾಂಶ 122 ಡಿಗ್ರಿಯ ಸಮೀಪದಲ್ಲಿದೆ. ಎರಡೂ ಗೋಳದ ಬಹುತೇಕ ಎದುರು ಪಾರ್ಶ್ವಗಳಲ್ಲಿವೆ. ಆದುದರಿಂದ ಇವುಗಳ ನಡುವಣ ಮಹಾವೃತ್ತವು ಉತ್ತರ ಅಕ್ಷಾಂಶ 71 ಡಿಗ್ರಿಯವರೆಗೆ ಏರುತ್ತದೆ. ಉದ್ದ ಸುಮಾರು 14,000 ಕಿ.ಮೀ. ಧ್ರುವವನ್ನೇ ಮುಟ್ಟಿ ಬಂದರೂ ಹೆಚ್ಚುವುದು ಕೆಲವೇ ನೂರು ಕಿ.ಮೀ.

ದೂರವನ್ನು ವೇಗದಿಂದ ಭಾಗಿಸಿದರೆ ಕಾಲವು ದೊರೆಯುವುದೆಂಬುದು ಪಾಠದ ಲೆಕ್ಕ. ಗಂಟೆಗೆ 900 ಕಿ.ಮೀ. ಎಂದು ಹಿಡಿದರೆ ಹದಿನೈದೂವರೆ ಗಂಟೆ ಸಾಕು. ಆದರೆ ಆ ಮೊದಲ ಪಯಣಕ್ಕೆ ಸುಮಾರು 17 ಗಂಟೆ ಹಿಡಿಯಿತು. ಎದುರುಗಾಳಿಯು ವಿಮಾನದ ವೇಗವನ್ನು ತಗ್ಗಿಸುತ್ತದೆ, ಹಿಂಗಾಳಿಯು ಹೆಚ್ಚಿಸುತ್ತದೆ. ಧ್ರುವಪ್ರದೇಶದ ಶೀತದಲ್ಲಿ ಇಂಧನವು ಹೆಪ್ಪುಗಟ್ಟದಂತೆ ಎಚ್ಚರ ಬೇಕು. ಆಪತ್ಕಾಲದಲ್ಲಿ ಇಳಿಯಲು ನೆಲೆಗಳಿರಬೇಕು. ರಾಜ್ಯಗಳ ಅನುಮತಿಯೂ ಬೇಕು: 2025ರ ಏಪ್ರಿಲ್‌ನಲ್ಲಿ ಪಾಕಿಸ್ತಾನವು ತನ್ನ ಗಗನಮಾರ್ಗವನ್ನು ಭಾರತದ ವಿಮಾನಗಳಿಗೆ ಮುಚ್ಚಿದಾಗ ದೆಹಲಿಯಿಂದ ಪಶ್ಚಿಮಕ್ಕೆ ಹೋಗುವ ಪಯಣಗಳು ದೀರ್ಘವಾದವು. ಊರುಗಳು ಕದಲಲಿಲ್ಲ, ಕಾಲ ಮಾತ್ರ ಹೆಚ್ಚಿತು.

ಇನ್ನು ಗಡಿಯಾರದ ವಿಚಾರ. ಆ ವಿಮಾನವು ಜನವರಿ 9ರ ರಾತ್ರಿ ಹೊರಟು 11ರ ಬೆಳಗಿನ ಜಾವಕ್ಕೆ ಬೆಂಗಳೂರನ್ನು ಸೇರಿತು. ಚಳಿಗಾಲದಲ್ಲಿ ಭಾರತದ ಕಾಲವು ಅಲ್ಲಿಯದಕ್ಕಿಂತ ಹದಿಮೂರೂವರೆ ಗಂಟೆ ಮುಂದಿರುವುದೇ ಇದಕ್ಕೆ ಕಾರಣ. ಇಲ್ಲಿಂದ ಮಧ್ಯಾಹ್ನ 2 ಗಂಟೆಗೆ ಹೊರಟವನು 16 ಗಂಟೆ ಪಯಣಿಸಿದರೂ, ಅಲ್ಲಿ ಅದೇ ದಿನದ ಸಂಜೆ 4-30ಕ್ಕೆ ಇಳಿಯುವನು. ಮಗನನ್ನು ಕಳುಹಿಸಿ ಮನೆಯಲ್ಲಿ ಕಾದಿರುವ ತಾಯಿಗೆ ಮಾತ್ರ ಅದು ಇಡೀ ಒಂದು ರಾತ್ರಿಯ ನಿರೀಕ್ಷೆ.

ಈ ಪಾಠಕ್ಕೆ ಹೆಚ್ಚಿನ ಸಾಮಗ್ರಿ ಬೇಕಿಲ್ಲ. ಒಂದು ಗೋಳ, ಒಂದೆಳೆ ನೂಲು ಸಾಕು. ನೂಲನ್ನು ಎರಡು ಊರುಗಳ ನಡುವೆ ಬಿಗಿಹಿಡಿದರೆ ಅದು ತಾನಾಗಿಯೇ ಉತ್ತರಕ್ಕೆ ಸರಿಯುವುದನ್ನು ಮಕ್ಕಳು ಕಣ್ಣಾರೆ ಕಾಣುವರು. ಬಾಯಿಪಾಠವಾದ ಅಂಕಿಯು ಮರೆತುಹೋದೀತು. ಕೈಯಾರೆ ಅಳೆದ ದೂರವು ಮರೆಯದು. ಭೂಪಟದ ಪಕ್ಕದಲ್ಲಿ ಗೋಳವೊಂದು ಪ್ರತಿ ತರಗತಿಯಲ್ಲಿಯೂ ಇರಬೇಕಾದುದು ಇದಕ್ಕಾಗಿಯೇ.