ಟೆನಿಸ್ ಕಲಿಕೆ: ಮೊದಲು ಕಾಲು, ಆಮೇಲೆ ಕೈ

ಟೆನಿಸ್ ಕಲಿಯಲು ಬಂದವರ ಗಮನವೆಲ್ಲ ರ‍್ಯಾಕೆಟ್ ಮೇಲೆ. ಆದರೆ ಹೊಡೆತ ಕೆಡುವುದು ಹೆಚ್ಚಾಗಿ ಕಾಲಿನಿಂದ. ಚೆಂಡಿನ ಬಳಿಗೆ ತಡವಾಗಿ ಹೋದರೆ ಕೈ ಎಷ್ಟು ಚುರುಕಾಗಿದ್ದರೂ ಪ್ರಯೋಜನವಿಲ್ಲ. ದೊಡ್ಡವರಾದ ಮೇಲೆ ಕಲಿಯುವವರು ಈ ಕ್ರಮ ಅನುಸರಿಸಬಹುದು.

1. ಸಲಕರಣೆ: 260ರಿಂದ 285 ಗ್ರಾಂ ತೂಕದ ರ‍್ಯಾಕೆಟ್ ಸಾಕು. ಗ್ರಿಪ್ ಹಿಡಿದಾಗ ಬೆರಳ ತುದಿಗೂ ಅಂಗೈಗೂ ನಡುವೆ ಇನ್ನೊಂದು ಕೈಯ ತೋರುಬೆರಳು ಕೂರುವಷ್ಟು ಜಾಗವಿರಲಿ. ದುಡ್ಡು ಉಳಿಸುವುದಿದ್ದರೆ ರ‍್ಯಾಕೆಟ್‌ನಲ್ಲಿ ಉಳಿಸಿ, ಶೂನಲ್ಲಿ ಬೇಡ. ಜಾಗಿಂಗ್ ಶೂ ಹಾಕಿಕೊಂಡು ಪಕ್ಕಕ್ಕೆ ಓಡಿ ತಟ್ಟನೆ ನಿಂತರೆ ಪಾದ ಉಳುಕುವ ಅಪಾಯವಿದೆ.

2. ಚೆಂಡು: ಹಸಿರು ಚುಕ್ಕೆಯ ಚೆಂಡು ಮಾಮೂಲಿಗಿಂತ ಸುಮಾರು ಶೇ 25ರಷ್ಟು, ಕಿತ್ತಳೆಯದು ಶೇ 50ರಷ್ಟು ನಿಧಾನ. ಮಕ್ಕಳದೆಂದು ಸಂಕೋಚಪಡದೆ ಇವುಗಳಲ್ಲೇ ಶುರುಮಾಡಿ.

3. ಗೋಡೆ: ನೆಟ್‌ನ ನಡುಭಾಗದ ಎತ್ತರ ಮೂರು ಅಡಿ. ಗೋಡೆಯ ಮೇಲೆ ಅಷ್ಟೆತ್ತರಕ್ಕೆ ಸೀಮೆಸುಣ್ಣದ ಗೆರೆ ಎಳೆದು, ಅದಕ್ಕಿಂತ ಎರಡು ಅಡಿ ಮೇಲೆ ಮೆಲ್ಲಗೆ ಹೊಡೆಯಿರಿ. ಚೆಂಡು ಎರಡು ಸಲ ಪುಟಿದರೂ ಅಡ್ಡಿಯಿಲ್ಲ.

4. ಸ್ಪ್ಲಿಟ್ ಸ್ಟೆಪ್: ಎದುರಾಳಿ ಹೊಡೆಯುವ ಹೊತ್ತಿಗೆ ನಿಂತಲ್ಲೇ ಸಣ್ಣಗೆ ನೆಗೆದು, ಪಾದದ ಮುಂಭಾಗದ ಮೇಲೆ ಇಳಿಯಿರಿ. ಮಂಡಿ ತುಸು ಬಾಗಿರಲಿ. ಆಗ ಎಡಕ್ಕಾದರೂ ಬಲಕ್ಕಾದರೂ ಮೊದಲ ಹೆಜ್ಜೆ ತಾನಾಗಿ ಏಳುತ್ತದೆ. ಇದನ್ನು ರ‍್ಯಾಕೆಟ್ ಇಲ್ಲದೆಯೂ ರೂಢಿಸಿಕೊಳ್ಳಬಹುದು.

5. ಕ್ರಾಸ್ ಕೋರ್ಟ್: ಕಂಬದ ಬಳಿ ಮೂರೂವರೆ ಅಡಿ ಇರುವ ನೆಟ್ ನಡುವೆ ಅರ್ಧ ಅಡಿ ತಗ್ಗುತ್ತದೆ; ಓರೆಯಾಗಿ ಹೊಡೆದ ಚೆಂಡು ಈ ತಗ್ಗಿನ ಮೇಲೆ ಹಾಯುತ್ತದೆ. ಸಿಂಗಲ್ಸ್ ಕೋರ್ಟ್‌ನ ಉದ್ದ 78 ಅಡಿ. ಮೂಲೆಯಿಂದ ಮೂಲೆಗೆ 82 ಅಡಿಗೂ ಹೆಚ್ಚು. ಹೀಗಾಗಿ ಓರೆ ಹೊಡೆತದಲ್ಲಿ ತಪ್ಪು ಕಡಿಮೆ. ಚೆಂಡನ್ನು ಸತತವಾಗಿ ಅತ್ತಿತ್ತ ಹೊಡೆಯುವ ರ‍್ಯಾಲಿಯ ಅಭ್ಯಾಸ ಇದರಿಂದಲೇ ಆರಂಭವಾಗಲಿ.

6. ಸರ್ವ್: ರ‍್ಯಾಕೆಟನ್ನು ಸುತ್ತಿಗೆಯಂತೆ ಹಿಡಿಯಿರಿ. ಮೊದಲು ಬರೀ ಟಾಸ್ (ಚೆಂಡನ್ನು ಮೇಲಕ್ಕೆ ಎಸೆಯುವುದು) ಅಭ್ಯಾಸ ಮಾಡಿ: ಚೆಂಡು ಮುಂದಿಟ್ಟ ಕಾಲಿಗಿಂತ ತುಸು ಮುಂದೆ ಬೀಳಬೇಕು. ಟಾಸ್ ಕೆಟ್ಟರೆ ಹೊಡೆಯದೆ ಬಿಟ್ಟು ಮತ್ತೆ ಎಸೆಯಿರಿ. ನಿಯಮದಲ್ಲಿ ಅದಕ್ಕೆ ಅವಕಾಶವಿದೆ.

7. ಮೈಯ ಕಾಳಜಿ: ಆಟಕ್ಕೆ ಮುನ್ನ ಹತ್ತು ನಿಮಿಷ ಮೈ ಬೆಚ್ಚಗಾಗಿಸಿಕೊಳ್ಳಿ. ಮೊಣಕೈಯ ಹೊರಬದಿ ನೋಯತೊಡಗಿದರೆ ಅದು ಟೆನಿಸ್ ಎಲ್ಬೋ ಇರಬಹುದು. ಆಟ ನಿಲ್ಲಿಸಿ ವೈದ್ಯರಿಗೆ ತೋರಿಸಿ. ಮೈಯ ಕಾಳಜಿ ಮಾಡಿದರೆ ವಯಸ್ಸು ಅಡ್ಡಿಯಾಗದು: ಮಂಡಿನೋವಿನಿಂದ ಬಳಲಿದ್ದ ಕೊಡಗಿನ ಆಟಗಾರ ರೋಹನ್ ಬೋಪಣ್ಣ ಅಯ್ಯಂಗಾರ್ ಯೋಗದ ನೆರವು ಪಡೆದು, 43ನೇ ವಯಸ್ಸಿನಲ್ಲಿ 2024ರ ಆಸ್ಟ್ರೇಲಿಯನ್ ಓಪನ್ ಪುರುಷರ ಡಬಲ್ಸ್ ಗೆದ್ದರು.

ಹತ್ತು ಹೊಡೆತದ ರ‍್ಯಾಲಿ ಸಲೀಸಾಗಿ ಸಾಗಿದ ಮೇಲೆ ಮಾಮೂಲಿ ಚೆಂಡಿಗೆ ಬದಲಾಯಿಸಿ, ಅಂಕ ಎಣಿಸಿ ಆಡಿ. ಶುರುವಿಗೆ ಡಬಲ್ಸ್ ಒಳ್ಳೆಯದು. ಅರ್ಧ ಕೋರ್ಟನ್ನು ಜೊತೆಗಾರ ನೋಡಿಕೊಳ್ಳುತ್ತಾನೆ.