ನಗರ ವಸತಿರಹಿತರಿಗೆ ಸೂರು: ಹಣ ಯಾವ ಯೋಜನೆಯದು?

2011ರ ಜನಗಣತಿಯಂತೆ ದೇಶದ ವಸತಿರಹಿತರು ಸುಮಾರು 17.7 ಲಕ್ಷ, ಅರ್ಧಕ್ಕಿಂತ ಹೆಚ್ಚು ಮಂದಿ ನಗರವಾಸಿಗಳು. ಸ್ಪರ್ಧಾತ್ಮಕ ಪರೀಕ್ಷೆಯ ಅಭ್ಯರ್ಥಿಗಳು ಎಡವುವುದು ಇಲ್ಲೇ: ಇವರ ಆಶ್ರಯ ಕೇಂದ್ರಗಳನ್ನು ತಂದದ್ದು ಪ್ರಧಾನಮಂತ್ರಿ ಆವಾಸ್ ಯೋಜನೆಯಲ್ಲ, 2013ರಲ್ಲಿ ಆರಂಭವಾದ ರಾಷ್ಟ್ರೀಯ ನಗರ ಜೀವನೋಪಾಯ ಅಭಿಯಾನ. ಅದರ ಮಾನದಂಡ: ಪ್ರತಿ 1 ಲಕ್ಷ ನಗರ ಜನಸಂಖ್ಯೆಗೆ ಕನಿಷ್ಠ 100 ಜನರ ಒಂದು ಕೇಂದ್ರ, ತಲಾ 50 ಚದರ ಅಡಿ. 2024ರಲ್ಲಿ ಮುಗಿದ ಈ ಅಭಿಯಾನದಲ್ಲಿ ಕಟ್ಟಡದ ಜತೆಗೆ ನಿರ್ವಹಣೆಗೂ ನೆರವಿತ್ತು. ಕರ್ನಾಟಕದಂಥ ರಾಜ್ಯಗಳಲ್ಲಿ ಕೇಂದ್ರ–ರಾಜ್ಯ ಪಾಲು 60:40 ಇತ್ತು.

ಆವಾಸ್ ಯೋಜನೆ (ನಗರ) ಶುರುವಾದದ್ದು 25 ಜೂನ್ 2015. ಅದರ ಮೊದಲ ಹಂತದ ಪಾಲುದಾರಿಕೆ ವಸತಿ ಘಟಕದಲ್ಲಿ ಆರ್ಥಿಕವಾಗಿ ದುರ್ಬಲ ವರ್ಗದ ಪ್ರತಿ ಮನೆಗೆ ಕೇಂದ್ರದ ನೆರವು 1.5 ಲಕ್ಷ ರೂ. ಉಳಿದದ್ದನ್ನು ರಾಜ್ಯ ಮತ್ತು ಫಲಾನುಭವಿ ಭರಿಸಬೇಕಿತ್ತು. ಫುಟ್‌ಪಾತಿನಲ್ಲಿ ಮಲಗುವವರಿಗೆ ಆ ವಂತಿಗೆಯೇ ದೊಡ್ಡ ಅಡ್ಡಿ. ಮುಖ್ಯ ಪರೀಕ್ಷೆಯ ಉತ್ತರದಲ್ಲಿ ಇದನ್ನು ಬರೆಯಲೇಬೇಕು.