ಪಾಡಾದ ಹಿರಿಯರೇ ಹೇಳಲಿ

ಬೊರಿವಲಿಯ ಸಂಜಯ ಗಾಂಧಿ ರಾಷ್ಟ್ರೀಯ ಉದ್ಯಾನದಲ್ಲಿ ಶಾಲಾಮಕ್ಕಳಿಗೆ ವಾರ್ಲಿ ಆದಿವಾಸಿಗಳ ಸಂಸ್ಕೃತಿ ಪರಿಚಯಿಸುವ ಕೆಲಸ ಸೇರಲೇ ಎಂದು ಕೇಳಿದ್ದೀರಿ. ಧಾರಾಳವಾಗಿ ಸೇರಿ. ಮೊದಲು ಗೋರೆಗಾಂವ್‌ನಲ್ಲಿರುವ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ (ಬಿಎನ್‌ಎಚ್‌ಎಸ್‌) ಶಿಕ್ಷಣ ಕೇಂದ್ರದಲ್ಲಿ ಸ್ವಯಂಸೇವೆಗೆ ಅವಕಾಶವಿದೆಯೇ ವಿಚಾರಿಸಿ. ಮರಾಠಿ ಸಲೀಸಾಗಿರಲಿ, ಮುಂಬೈ ಕನ್ನಡಿಗರಿಗೆ ಅದೇನು ಕಷ್ಟ!

ಒಂದು ಎಚ್ಚರಿಕೆ. ಅರ್ಧ ಗಂಟೆಯಲ್ಲಿ ವಾರ್ಲಿ ಚಿತ್ರದ ತ್ರಿಕೋನದ ಮನುಷ್ಯರನ್ನು ಬರೆಸಿ ಕಳಿಸುವ ಶಿಬಿರಗಳು ನನಗೆ ಹಿಡಿಸುವುದಿಲ್ಲ. ಮದುವೆ ಮನೆಯ ಗೋಡೆಯಲ್ಲಿ ಅಕ್ಕಿಹಿಟ್ಟಿನಿಂದ ಮೂಡುವ ಚೌಕ, ಅದರೊಳಗಿನ ಪಾಲಘಾಟ ದೇವಿ: ಅದು ಪೂಜೆ, ಮುತ್ತೈದೆಯರ ಕೈಕೆಲಸ. ಅದನ್ನೂ ಚಿರತೆ ಕಾಡಿನ ದೇವರು ವಾಘೋಬಾನ ಕಥೆಯನ್ನೂ ಪಾಡಾದ, ಅಂದರೆ ಆದಿವಾಸಿ ಹಾಡಿಯ, ಹಿರಿಯರೇ ಹೇಳಲಿ, ಅವರಿಗೆ ಸಂಭಾವನೆಯೂ ಸಲ್ಲಲಿ, ನೀವು ಜೊತೆಗಿರಿ. 1997ರ ಹೈಕೋರ್ಟ್ ಆದೇಶದ ನಂತರ ಉದ್ಯಾನದೊಳಗಿನ ನಿವಾಸಿಗಳನ್ನು ಒಕ್ಕಲೆಬ್ಬಿಸಿದ್ದರ ಬಗ್ಗೆ ಮಕ್ಕಳು ಕೇಳಿದರೆ ಮಾತು ಮರೆಸಬೇಡಿ. ಇನ್ನು, ಈ ಕೆಲಸದಲ್ಲಿ ಸಂಬಳ ಕಡಿಮೆಯೇ ಇರಬಹುದು, ಮನೆಯಲ್ಲಿ ಮೊದಲೇ ತಿಳಿಸಿಬಿಡಿ.